ಹಳೆಯ ತೊಗಲುಗೊಂಬೆಗಳನ್ನು ಸಂಗ್ರಹಾಲಯದಲ್ಲಿ ಇಡುವಾಗ ಏನು ನೋಡಿಕೊಳ್ಳಬೇಕು?

ಗಾಜಿನ ಪೆಟ್ಟಿಗೆ, ಲೈಟು ಎಲ್ಲ ಆಮೇಲೆ. ಬಳ್ಳಾರಿ ಕಡೆಯ ಗೊಂಬೆಗಳಾದರೆ ಮೊದಲು ಅವನ್ನು ಕೊಡುವ ಕಿಳ್ಳೇಕ್ಯಾತ (ತೊಗಲುಗೊಂಬೆ ಆಡಿಸುವ ಸಮುದಾಯ) ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಇದು ಯಾವ ಪಾತ್ರ, ಯಾರು ಆಡಿಸುತ್ತಿದ್ದರು, ಯಾವ ಹಾಡಿಗೆ ಬರುತ್ತಿತ್ತು. ದೇವರ ಗೊಂಬೆ, ರಾಕ್ಷಸರ ಗೊಂಬೆಗಳನ್ನು ಒಂದೇ ಕಟ್ಟಿನಲ್ಲಿ ಇಡದ ರೂಢಿಯಿದೆ. ಸಂಗ್ರಹಾಲಯದ ನಂಬರಿನ ಪ್ರಕಾರ ಗಣಪತಿಯ ಮೇಲೆ ರಾವಣನನ್ನು ಹೇರಿಟ್ಟರೆ ಕೊಟ್ಟವರ ಮನಸ್ಸು ನೋಯುತ್ತದೆ. ‘ಕಲಾವಿದರು ಅಜ್ಞಾತ’ ಎಂಬ ಚೀಟಿಯಂತೂ ಬೇಡ, ಹೆಸರು ಹೇಳುವವರು ಇನ್ನೂ ಇದ್ದಾರೆ.

ಅಮೆರಿಕದಲ್ಲಿ ಮೂಲನಿವಾಸಿಗಳ ಸಮಾಧಿ, ಪವಿತ್ರ ವಸ್ತುಗಳ ಬಗೆಗಿನ 1990ರ ಕಾಯ್ದೆಗೆ (NAGPRA) ಬಂದ ಹೊಸ ನಿಯಮದ ಪ್ರಕಾರ, 2024ರ ಜನವರಿಯಿಂದ ಕೇಂದ್ರ ಸರ್ಕಾರದ ಹಣ ಪಡೆಯುವ ಸಂಗ್ರಹಾಲಯಗಳು ಅಂಥ ವಸ್ತುಗಳನ್ನು ಪ್ರದರ್ಶಿಸಲು ಆ ಮೂಲನಿವಾಸಿಗಳ ಒಪ್ಪಿಗೆ ಬೇಕೇ ಬೇಕು. ನಾವು ಕಾನೂನಿಗೆ ಕಾಯಬೇಕಿಲ್ಲ. ಗೊಂಬೆ ಕೊಡುವ ಮನೆಯವರ ಒಪ್ಪಿಗೆಯನ್ನು ಒಪ್ಪಂದದ ಕಾಗದದಲ್ಲೇ ಬರೆದುಕೊಳ್ಳಬಹುದು. ಪೂಜೆಗೆ ಗೊಂಬೆ ಹೊರಗೆ ಕೊಡುವ ಮಾತೂ ಅದರಲ್ಲಿರಲಿ.

ಇನ್ನು ತೊಗಲು. ಬಳ್ಳಾರಿ ಬೇಸಿಗೆಗೆ ಮುರುಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಆಮ್ಲರಹಿತ ಕಾಗದ ಹಾಸಿ ಮಟ್ಟಸವಾಗಿ ಮಲಗಿಸಿ. ಎಣ್ಣೆ, ವಾರ್ನಿಷ್ ಮುಟ್ಟಿಸಬೇಡಿ. ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದಾಟಬಾರದು. ಹಿಂದಿನಿಂದ ದೀಪ ಬಿಟ್ಟರೆ ಗೊಂಬೆ ಜೀವ ಬಂದಂತೆ ಹೊಳೆಯುತ್ತದೆ, ನಿಜ. ದಿನವಿಡೀ ಉರಿಸಿದರೆ ಬಣ್ಣವೇ ಉಳಿಯದು. ಆಟಕ್ಕೆ ಬೇಕಾದರೆ ಹೊಸ ಗೊಂಬೆ ಮಾಡಿಸಿ, ಆ ದುಡ್ಡು ಅದೇ ಮನೆಗೆ ಹೋಗಲಿ.