ಬೇಯರ್ಡ್ ರಸ್ಟಿನ್ ತೆರೆಮರೆಯಲ್ಲಿ ಉಳಿದದ್ದೇಕೆ?

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ 1963ರ ವಾಷಿಂಗ್ಟನ್ ಮೆರವಣಿಗೆಯ ಮಾತು ಬಂದಾಗ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಮಾತ್ರ ಕೇಳಿಬರುತ್ತದೆ, ಅದನ್ನು ಸಂಘಟಿಸಿದ ಬೇಯರ್ಡ್ ರಸ್ಟಿನ್ ಅವರ ಹೆಸರು ಮರೆಯಾದದ್ದು ಅವರು ಸಲಿಂಗಪ್ರೇಮಿ ಎಂಬ ಕಾರಣಕ್ಕೆ ತಾನೇ ಎಂದು ನೀವು ಕೇಳಿದ್ದೀರಿ. ಮುಖ್ಯ ಕಾರಣ ಅದೇ ಎಂದು ನಾನು ನಂಬುತ್ತೇನೆ. ಯೌವನದಲ್ಲಿ ಅವರು ಕಮ್ಯುನಿಸ್ಟ್ ಯುವ ಸಂಘಟನೆಯಲ್ಲಿದ್ದುದು, ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸೇರಲೊಪ್ಪದೆ ಜೈಲಿಗೆ ಹೋದದ್ದು ಕೂಡ ವಿರೋಧಿಗಳಿಗೆ ಅಸ್ತ್ರವಾಗಿದ್ದವು ನಿಜ. ಆದರೆ ಜೊತೆಗಾರರನ್ನು ಹೆಚ್ಚು ಅಂಜಿಸಿದ್ದು 1953ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಸಲಿಂಗ ಸಂಬಂಧದ ಆರೋಪದ ಮೇಲೆ ನಡೆದ ಅವರ ಬಂಧನ.

1948ರಲ್ಲಿ ಭಾರತಕ್ಕೆ ಬಂದು ಗಾಂಧಿಮಾರ್ಗವನ್ನು ಹತ್ತಿರದಿಂದ ಕಂಡಿದ್ದ ರಸ್ಟಿನ್, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ನಡೆದ 1956ರ ಮಾಂಟ್‌ಗಮರಿ ಬಸ್ ಬಹಿಷ್ಕಾರದಲ್ಲಿ ಕಿಂಗ್ ಅವರಿಗೆ ಅಹಿಂಸೆಯ ಶಿಸ್ತನ್ನು ಮನಗಾಣಿಸಿದವರಲ್ಲಿ ಒಬ್ಬರು. ಆದರೂ 1960ರಲ್ಲಿ, ಕಪ್ಪು ಜನರ ಪ್ರತಿನಿಧಿಯೇ ಆಗಿದ್ದ ನ್ಯೂಯಾರ್ಕ್ ನಗರದ ಹಾರ್ಲೆಮ್‌ನ ಸಂಸದ ಆಡಮ್ ಕ್ಲೇಟನ್ ಪೊವೆಲ್, ಕಿಂಗ್ ಮತ್ತು ರಸ್ಟಿನ್ ನಡುವೆ ಲೈಂಗಿಕ ಸಂಬಂಧವಿದೆಯೆಂಬ ಸುಳ್ಳನ್ನು ಹಬ್ಬಿಸುವುದಾಗಿ ಬೆದರಿಸಿದಾಗ, ರಸ್ಟಿನ್ ಕಿಂಗ್ ಅವರ ಸಂಘಟನೆಗೆ ರಾಜೀನಾಮೆ ಕೊಟ್ಟರು. ರಸ್ಟಿನ್ ಅವರನ್ನು ಕಿಂಗ್ ತಡೆಯಲಿಲ್ಲ. ಬಿಳಿಯರ ಕಣ್ಣಿನಲ್ಲಿ ಮರ್ಯಾದಸ್ಥರಾಗಿ ಕಾಣಬೇಕೆಂಬ ಒತ್ತಡ ಆ ಚಳವಳಿಯ ಮೇಲೆ ಅಷ್ಟು ಗಾಢವಾಗಿತ್ತು.

ಮೂರು ವರ್ಷಗಳ ನಂತರ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್ಎಎಸಿಪಿಯ ಮುಖ್ಯಸ್ಥ ರಾಯ್ ವಿಲ್ಕಿನ್ಸ್ ರಸ್ಟಿನ್ ಬಗ್ಗೆ ಎತ್ತಿದ ಆಕ್ಷೇಪದಿಂದಾಗಿ ಮೆರವಣಿಗೆಯ ನಿರ್ದೇಶಕರ ಸ್ಥಾನ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರಿಗೆ ಹೋಯಿತು. ಅವರು ರಸ್ಟಿನ್ ಅವರನ್ನೇ ಉಪನಿರ್ದೇಶಕರನ್ನಾಗಿ ಮಾಡಿಕೊಂಡರು. ಬಸ್ಸುಗಳು, ಶೌಚಾಲಯಗಳು, ಜನರು ಕಟ್ಟಿಕೊಂಡು ಬರಬೇಕಾದ ಬುತ್ತಿ, ಹೀಗೆ ಒಂದೊಂದನ್ನೂ ಯೋಜಿಸಿ, ಸುಮಾರು ಎರಡೇ ತಿಂಗಳಲ್ಲಿ ಎರಡೂವರೆ ಲಕ್ಷ ಜನರ ಸಮಾವೇಶಕ್ಕೆ ರಸ್ಟಿನ್ ಸಿದ್ಧತೆ ನಡೆಸಿದರು. ಆಗಸ್ಟ್‌ನಲ್ಲಿ ವರ್ಣಭೇದ ನೀತಿಯ ಬೆಂಬಲಿಗ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಹಳೆಯ ಬಂಧನದ ವಿಷಯವನ್ನು ಸೆನೆಟ್‌ನಲ್ಲೇ ಎತ್ತಿ ಆಡಿದಾಗ ನಾಯಕರು ರಸ್ಟಿನ್ ಅವರ ಬೆನ್ನಿಗೆ ನಿಂತರು, ಮೆರವಣಿಗೆಗೆ ಯಾವ ಧಕ್ಕೆಯೂ ಆಗಲಿಲ್ಲ. ಹಾಗಾದರೆ 1960ರಲ್ಲಿ ಅವರನ್ನು ಬಿಟ್ಟುಕೊಡುವ ಅಗತ್ಯವೇ ಇರಲಿಲ್ಲವೆಂದು ನನಗೆ ಅನ್ನಿಸುತ್ತದೆ, ಅದನ್ನು ನೆನೆದರೆ ಇಂದಿಗೂ ನೋವಾಗುತ್ತದೆ.

ಅದೇ ಮೆರವಣಿಗೆಯ ವೇದಿಕೆಯಲ್ಲಿ ಯಾವ ಮಹಿಳೆಗೂ ಪ್ರಧಾನ ಭಾಷಣದ ಅವಕಾಶವಿರಲಿಲ್ಲ. ಸಂಘಟನಾ ಸಮಿತಿಯ ಏಕೈಕ ಮಹಿಳೆ ಆನಾ ಹೆಡ್ಜ್‌ಮನ್ ಇದನ್ನು ಪ್ರತಿಭಟಿಸಿದರು. ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ಡೇಸಿ ಬೇಟ್ಸ್ ಅವರಿಗೆ ಕೆಲವೇ ಮಾತುಗಳು ದಕ್ಕಿದವು. ಈ ಅವಮಾನವನ್ನು ರ‍್ಯಾಂಡಾಲ್ಫ್ ಅವರಿಗೇ ನೇರವಾಗಿ ಬರೆದು ತಿಳಿಸಿದ ವಕೀಲೆ ಪಾಲಿ ಮರ‍್ರಿ ಕಪ್ಪು ಮಹಿಳೆಯರನ್ನು ವರ್ಣಭೇದ ಮತ್ತು ಲಿಂಗಭೇದ ಒಟ್ಟಿಗೇ ತುಳಿಯುತ್ತವೆಂದು ವಾದಿಸಿದವರು. ಸ್ವತಃ ಮಹಿಳೆಯರನ್ನು ಪ್ರೀತಿಸುತ್ತಿದ್ದ, ಪುರುಷ ಹಾರ್ಮೋನ್ ಚಿಕಿತ್ಸೆ ಕೋರಿ ವೈದ್ಯರ ಬಳಿಗೆ ಹೋಗಿದ್ದ ಮರ‍್ರಿ, ಆ ಮೂರನೆಯ ಸಂಕಟವನ್ನು ಮಾತ್ರ ಸಾರ್ವಜನಿಕವಾಗಿ ಹೇಳಿಕೊಳ್ಳಲಿಲ್ಲ.