ರೈಲಿಳಿದ ದಿನವೇ ಮದುವೆ?

ಓದುಗರ ಪತ್ರ: ಅಮೆರಿಕದ ಪಶ್ಚಿಮ ಸೀಮೆಯ ಒಂದು ಇಂಗ್ಲಿಷ್ ಪ್ರಣಯ ಕಾದಂಬರಿ ಹಿಡಿದಿದ್ದೇನೆ. ಕಾಲ 1872. ಬಾಸ್ಟನ್ನಿನ ಅನಾಥ ಹುಡುಗಿ ಪತ್ರಿಕೆಯ ಜಾಹೀರಾತಿಗೆ ಉತ್ತರ ಬರೆದು, ಮುಖವನ್ನೇ ನೋಡದ ಗಂಡಿಗಾಗಿ ಮೊಂಟಾನಾದಲ್ಲಿ ರೈಲಿಳಿಯುತ್ತಾಳೆ. ಅದೇ ಸಂಜೆ ಮದುವೆ. ಇದನ್ನು ಎಷ್ಟು ನಂಬಬೇಕು? ಮುಂದೆ ಓದಲೇ, ಬಿಡಲೇ?
– ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ:

ಮದುವೆಯನ್ನು ನಂಬಿ, ರೈಲನ್ನು ನಂಬಬೇಡಿ. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ ಪಶ್ಚಿಮದ ಹಳಿಗಳು ಕೂಡಿದವು, ನಿಜ. ಆದರೆ ಆ ದಾರಿ ನೆಬ್ರಾಸ್ಕಾ, ವಯೋಮಿಂಗ್, ಯೂಟಾ, ನೆವಾಡಾ ದಾಟಿ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿತ್ತು. ಮೊಂಟಾನಾಕ್ಕೆ ಹೊರಟವರು ಯೂಟಾದ ಕೊರಿನ್ ಎಂಬ ಊರಲ್ಲಿ ಇಳಿದು ಸ್ಟೇಜ್‌ಕೋಚ್ ಎಂಬ ಬಾಡಿಗೆ ಕುದುರೆಗಾಡಿ ಹತ್ತಿ ಉತ್ತರಕ್ಕೆ ದಿನಗಟ್ಟಲೆ ಮೈ ಕುಲುಕಿಸಿಕೊಳ್ಳಬೇಕಿತ್ತು. ಇಲ್ಲವೇ ಮಿಸೌರಿ ನದಿಯಲ್ಲಿ ನೀರಿರುವ ತಿಂಗಳುಗಳಲ್ಲಿ ಸ್ಟೀಮರಿನಲ್ಲಿ ಮೊಂಟಾನಾದ ಫೋರ್ಟ್ ಬೆಂಟನ್ ಸೇರಬೇಕಿತ್ತು. ಮೊಂಟಾನಾದ ಬ್ಯೂಟ್ ಊರಿಗೆ ಹಳಿ ಮುಟ್ಟಿದ್ದು 1881ರ ಕೊನೆಯಲ್ಲಿ. ಲೇಖಕರು ಇದೇ ಕಥೆಯನ್ನು ವಯೋಮಿಂಗಿನ ಶಯೆನ್‌ನಲ್ಲಿ ಇಟ್ಟಿದ್ದರೆ ತಕರಾರೇ ಇಲ್ಲ, ಅಲ್ಲಿಗೆ 1867ರಲ್ಲೇ ರೈಲು ಬಂದಿತ್ತು.

ಹಾಗಾಗಿ ಇಂಥ ಪುಸ್ತಕ ತೆರೆದೊಡನೆ ಇಸವಿ, ಊರು ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಿಕ್ಕ ಲೆಕ್ಕವೆಲ್ಲ ಅಲ್ಲಿಂದ ಹೊರಡುತ್ತದೆ. 1850ರ ಆಸುಪಾಸಿನ ಕಥೆಯಾದರೆ ಮಿಸೌರಿಯಿಂದ ಒರೆಗಾನ್‌ಗೆ ಬಂಡಿಯಲ್ಲಿ ಸುಮಾರು 2000 ಮೈಲಿ, ನಾಲ್ಕರಿಂದ ಆರು ತಿಂಗಳು. ಪನಾಮಾ ಮಾರ್ಗವಾಗಿ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಟಪಾಲಿಗೆ ಒಂದು ಕಡೆಗೇ ತಿಂಗಳ ಹತ್ತಿರ. ಆ ಕಾಲದ ಗಂಡು ಹೆಣ್ಣು ಆರು ತಿಂಗಳಲ್ಲಿ ಹನ್ನೆರಡು ಪತ್ರ ಬರೆದು, ಒಂದೊಂದಕ್ಕೂ ಉತ್ತರ ಪಡೆದರು ಎಂದರೆ ಲೇಖಕರು ನಕ್ಷೆ ನೋಡಿಲ್ಲ.

ಜಾಹೀರಾತು ಮಾತ್ರ ಕಟ್ಟುಕಥೆಯಲ್ಲ. 1870ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಕ್ಯಾನ್ಸಸ್ ಸಿಟಿಯಿಂದ ‘ಮ್ಯಾಟ್ರಿಮೋನಿಯಲ್ ನ್ಯೂಸ್’ ಎಂಬ ಪತ್ರಿಕೆ ಇದಕ್ಕೆಂದೇ ಹೊರಡುತ್ತಿತ್ತು. ಹೆಸರಿನ ಬದಲು ನಂಬರು, ನಮ್ಮ ಭಾನುವಾರದ ವಧೂವರರ ಪುಟದ ಹಾಗೇ. ಬಂದ ದಿನವೇ ಮದುವೆಯಾಗುವುದಕ್ಕೂ ಕಾರಣವಿತ್ತು. ಒಂಟಿ ಗಂಡಸಿನ ಮನೆಯಲ್ಲಿ ಮದುವೆಯಾಗದ ಹೆಣ್ಣು ಒಂದು ರಾತ್ರಿ ಕಳೆದರೂ ಊರು ಮಾತಾಡುತ್ತಿತ್ತು, ವಸತಿಗೃಹಕ್ಕೆ ದುಡ್ಡು ತೆರಬೇಕಿತ್ತು, ಹೊಲವೋ ಪಟ್ಟಣದಿಂದ ದೂರ. ಪಾದ್ರಿ ಸಿಗದಿದ್ದರೆ ಸ್ಥಳೀಯ ನ್ಯಾಯಾಧಿಕಾರಿ ಸಾಕು.

ನಿಜಕ್ಕೂ ಬಿಗಿಯಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಅವಳು ಯಾಕೆ ಹೋದಳು? 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ 160 ಎಕರೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸವಿದ್ದು ಉತ್ತರೆ ಹಕ್ಕುಪತ್ರ ಸಿಗುತ್ತಿತ್ತು. 21 ದಾಟಿದ ಅವಿವಾಹಿತೆಯೂ ವಿಧವೆಯೂ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಬಾಳುವವಳಿಗೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿತ್ತು. ಅಂದರೆ ನಿಮ್ಮ ನಾಯಕಿ ಮದುವೆಯಾಗಿ ಒಂದು ಹಕ್ಕನ್ನೇ ಬಿಟ್ಟುಕೊಡುತ್ತಿದ್ದಾಳೆ. ‘ಬೇರೆ ದಾರಿಯಿರಲಿಲ್ಲ’ ಎಂಬ ಒಂದು ಸಾಲು ಬರೆದು ಮುಂದೆ ಓಡುವ ಕಾದಂಬರಿ ಸಡಿಲ. ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ಮೇಲೆ ಪೂರ್ವದಲ್ಲಿ ಗಂಡುಗಳ ಕೊರತೆ, ಗಿರಣಿಯ ಕೂಲಿ, ಅಣ್ಣನ ಮನೆಯ ಹಂಗು – ಇವನ್ನು ತೂಗಿ ನೋಡಿಸಿದರೆ ಅವಳ ನಿರ್ಧಾರಕ್ಕೆ ತೂಕ ಬರುತ್ತದೆ. ಟಿಕೆಟ್ಟಿನ ದುಡ್ಡು ಯಾರು ಕೊಟ್ಟರು, ವಾಪಸಾಗಲು ಅವಳ ಬಳಿ ಏನಿದೆ ಎಂಬುದನ್ನೂ ಹುಡುಕಿ. ನೆಬ್ರಾಸ್ಕಾದ ಒಮಾಹದಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊವರೆಗಿನ ಅತಿ ಅಗ್ಗದ ಮರದ ಬೆಂಚಿಗೇ ಆಗ 40 ಡಾಲರ್.

ಗಂಡಿನ ಅವಸರಕ್ಕೂ ಕೆಲವೊಮ್ಮೆ ಭೂಮಿಯೇ ಕಾರಣ. 1850ರ ಒರೆಗಾನ್ ಭೂದಾನ ಕಾಯಿದೆಯಲ್ಲಿ ಒಂಟಿ ಗಂಡಿಗೆ 320 ಎಕರೆ, ಮದುವೆಯಾದವನಿಗೆ 640. ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಮದುವೆಗೆ ಗಡುವು 1851ರ ಡಿಸೆಂಬರ್ 1. ಇಷ್ಟು ಚೆಂದದ ಕಥಾವಸ್ತು ಇರುವಾಗಲೂ ಎಲ್ಲರೂ ಮೊಂಟಾನಾಕ್ಕೇ ಓಡುವುದು ಯಾಕೋ!

ಎಡವುವ ಜಾಗಗಳು ಇನ್ನೆರಡಿವೆ. ನಾಯಕನಿಗಿರುವುದು 160 ಎಕರೆ, ಮೇಯುವ ದನ ಸಾವಿರ ಎಂದಿದ್ದರೆ ಅವು ಬೇಲಿಯಿಲ್ಲದ ಸರ್ಕಾರಿ ಹುಲ್ಲುಗಾವಲಲ್ಲಿ ಮೇಯುತ್ತಿವೆ ಎಂದೇ ಅರ್ಥ. ಮಳೆ ಕಡಿಮೆಯ ಆ ಸೀಮೆಯಲ್ಲಿ ಸ್ವಂತ ತುಂಡು ಸಾಲದು. 1886–87ರ ಚಳಿಗಾಲದಲ್ಲಿ ಇಂಥ ಮಂದೆಗಳು ಹಿಂಡುಹಿಂಡಾಗಿ ಸತ್ತವು. ಎರಡನೆಯದು, ‘ಹೆಸರಿಗಷ್ಟೇ ಮದುವೆ, ಕೂಡಿ ಬಾಳದಿದ್ದರೆ ಯಾವಾಗ ಬೇಕಾದರೂ ರದ್ದು’ ಎಂಬ ಕರಾರು. ಈ ಪುಸ್ತಕಗಳಿಗೆ ಬಲು ಪ್ರಿಯವಾದ ತಂತ್ರ, ಆದರೆ ಕೋರ್ಟು ಅಷ್ಟಕ್ಕೇ ಮದುವೆ ರದ್ದು ಮಾಡುತ್ತಿರಲಿಲ್ಲ. ಅಸಾಮರ್ಥ್ಯ, ಮೋಸ, ಬಲವಂತದಂಥ ಕಾರಣ ಬೇಕಿತ್ತು. ಇದನ್ನು ಕ್ಷಮಿಸಿಬಿಡಿ, ಇಲ್ಲದಿದ್ದರೆ ಅರ್ಧ ಕಪಾಟು ಖಾಲಿಯಾದೀತು.

ನಾನು ಸುಲಭಕ್ಕೆ ಕ್ಷಮಿಸದ್ದು ಖಾಲಿ ನೆಲವನ್ನು. ಕ್ರೋ, ಲಕೋಟಾ, ಶಯೆನ್ ಎಂಬ ಮೂಲನಿವಾಸಿ ಜನರ ಸೀಮೆಯದು. 1876ರ ಜೂನ್‌ನಲ್ಲಿ ಲಕೋಟಾ, ಶಯೆನ್ ಜನರಿಗೂ ಅಮೆರಿಕದ ಸೇನೆಗೂ ಲಿಟಲ್ ಬಿಗ್‌ಹಾರ್ನ್ ಕಾಳಗ ನಡೆದದ್ದು ಮೊಂಟಾನಾದಲ್ಲೇ. ನಾಲ್ಕು ವರ್ಷ ಮೊದಲಿನ ಕಥೆಯಲ್ಲಿ ಅವರ ಸುಳಿವೇ ಇಲ್ಲದಿದ್ದರೆ, ದನ ಕಾಯುವವರಲ್ಲಿ ಒಬ್ಬ ಕಪ್ಪು ಜನಾಂಗದವನೋ ಮೆಕ್ಸಿಕನ್ನನೋ ಇಲ್ಲದಿದ್ದರೆ, ಅದು ಬಣ್ಣದ ಪರದೆ.

ಸದ್ಯಕ್ಕೆ ಬಿಡಬೇಡಿ. ಮೊದಲ ಚಳಿಗಾಲದವರೆಗೆ ಓದಿ. ಸೌದೆ, ಹಿಟ್ಟು, ಹಿಮಕ್ಕೆ ಮುಚ್ಚಿದ ದಾರಿ, ಮಾತಿಗೆ ಒಬ್ಬನೇ ಮನುಷ್ಯ – ಇಂಥ ಮದುವೆ ನಿಜಕ್ಕೂ ನಡೆಯುವುದು ಅಲ್ಲಿ. ಅಕ್ಟೋಬರಿನ ಮದುವೆಯಿಂದ ನೇರ ಏಪ್ರಿಲ್ಲಿಗೆ ಹಾರಿದರೆ ಆಗ ಮುಚ್ಚಿಡಿ. ಸರಣಿಯ ನಡುವಿನ ಪುಸ್ತಕವೇ ಎಂದು ಮುಖಪುಟದಲ್ಲಿ ನೋಡಿ. ಹೌದಾದರೆ ಮೊದಲನೆಯದರಿಂದ ಹಿಡಿಯುವುದು ಮೇಲು. ಹಿಂದಿನ ಭಾಗದ ಜೋಡಿಗಳು ಮಕ್ಕಳನ್ನು ಎತ್ತಿಕೊಂಡು ಪಕ್ಕದ ಹೊಲದವರಾಗಿ ಬಂದುಬಿಡುತ್ತಾರೆ. ಸುಖಾಂತ್ಯ ಹೇಗೂ ಖಚಿತವಾದ್ದರಿಂದ ಗುಟ್ಟು ರಟ್ಟಾಯಿತೆಂದು ದೂರುವಂತಿಲ್ಲ.