ಅಜ್ಜನ ಮಾರಿಸ್ ಮೈನರ್: ಕೀಲಿ ತಿರುಗಿಸುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ನಾವು ಮಾಟುಂಗದಲ್ಲಿದ್ದೇವೆ, ಮೂಲ ಉಡುಪಿ ಕಡೆ. ನಾಲ್ಕು ತಿಂಗಳ ಹಿಂದೆ ಅಮ್ಮನ ಅಪ್ಪ ತೀರಿಕೊಂಡರು. ಅವರದ್ದೊಂದು 1959ರ ಮಾರಿಸ್ ಮೈನರ್ 1000 ಇದೆ, ಟಾಪ್ ಮಡಚುವ ಕನ್ವರ್ಟಿಬಲ್. ಹೋಟೆಲು ಕೈ ಹಿಡಿದ ಮೇಲೆ ಪಾರ್ಸಿ ಗಿರಾಕಿಯೊಬ್ಬರಿಂದ ಕೊಂಡದ್ದಂತೆ. "ಇದು ಮಗಳ ಮಗಳಿಗೆ" ಅಂತ ಎಲ್ಲರ ಮುಂದೆ ಹೇಳುತ್ತಿದ್ದರು, ಬರೆದಿಟ್ಟಿಲ್ಲ. ಏಳು ವರ್ಷದಿಂದ ಬಿಲ್ಡಿಂಗಿನ ಹಿಂದೆ ನೀಲಿ ತಾಡಪಾಲಿನ ಕೆಳಗೆ ನಿಂತಿದೆ. ದೊಡ್ಡ ಮಾವ ಗುಜರಿಗೆ ಹಾಕು ಅನ್ನುತ್ತಾರೆ. ಚಿಕ್ಕ ಮಾವ ಮಾರುತಿ ಎಂಜಿನ್ ಕೂರಿಸಿ ಪೇಂಟ್ ಹೊಡೆಸು ಅನ್ನುತ್ತಾರೆ. ಗ್ಯಾರೇಜಿನವನೊಬ್ಬ "ಬ್ಯಾಟರಿ ತರ್ತೀನಿ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ" ಅಂದ. ಅಜ್ಜಿ ಏನೂ ಹೇಳುತ್ತಿಲ್ಲ. ನನಗೆ ಓಡಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಾಡಪಾಲು ತೆಗೆಯುವುದರಿಂದ. ಇವತ್ತೇ ತೆಗೆಯಿರಿ. ಪ್ಲಾಸ್ಟಿಕ್ ಶೀಟು ಮಳೆಯನ್ನೇನೋ ತಡೆಯುತ್ತದೆ, ಆದರೆ ಒಳಗಿನ ತೇವ ಹೊರಗೆ ಹೋಗಲು ಬಿಡುವುದಿಲ್ಲ. ಮುಂಬೈಯ ಉಪ್ಪು ಗಾಳಿಯಲ್ಲಿ ಅದು ಕಾರಿಗೆ ಹಬೆಯ ಸ್ನಾನ ಮಾಡಿಸಿದ ಹಾಗೆ. ಮೇಲೆ ಸೂರು ಇರುವ ಜಾಗಕ್ಕೆ ತಳ್ಳಿ, ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಸಾಕು.

ಎರಡನೆಯದು, ಆ ಬ್ಯಾಟರಿಯವನನ್ನು ಹತ್ತಿರ ಸೇರಿಸಬೇಡಿ. ಇಪ್ಪತ್ತು ವರ್ಷದ ಹಿಂದೆ ನಾನೇ ಈ ತಪ್ಪು ಮಾಡಿದ್ದೇನೆ. ದಾದರಿನಲ್ಲಿ ಹೀಗೇ ನಿಂತಿದ್ದ ಒಂದು ಕಾರು. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು, ನನಗೂ ಹುಮ್ಮಸ್ಸು. ಸೆಲ್ಫ್ ಹೊಡೆದೆ. ಸ್ಟಾರ್ಟ್ ಆಯಿತು, ಚಪ್ಪಾಳೆಯೂ ಬಿತ್ತು. ಹತ್ತು ನಿಮಿಷದಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ. ತುಕ್ಕಿಗೆ ಅಂಟಿಕೊಂಡಿದ್ದ ಪಿಸ್ಟನ್ ರಿಂಗ್ ಮುರಿದು ಸಿಲಿಂಡರ್ ಗೀರಿತ್ತು. ಆ ಬಿಲ್ಲು ನಾನೇ ಕಟ್ಟಿದೆ.

ಸರಿಯಾದ ಕ್ರಮ ಬೇರೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಎರಡು ದಿನ ಹಾಗೇ ಇರಲಿ. ಮೈನರಿಗೆ ಮುಂದಿನಿಂದ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಇರುತ್ತದೆ, ಡಿಕ್ಕಿಯಲ್ಲಿ ಹುಡುಕಿ. ಪ್ಲಗ್ ಹಾಕದೆಯೇ ಕೈಯಲ್ಲಿ ನಿಧಾನ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಸಲೀಸಾಗಿ ತಿರುಗಿತೋ, ಅರ್ಧ ಗೆದ್ದಿರಿ. ಹಳೆಯ ಆಯಿಲ್ ಚೆಲ್ಲಿ ಹೊಸದು ಹಾಕಿ. ಟ್ಯಾಂಕಿನಲ್ಲಿರುವುದು ಈಗ ಪೆಟ್ರೋಲ್ ಅಲ್ಲ, ವಾರ್ನಿಷ್. ಅದನ್ನು ಪೂರ್ತಿ ತೆಗೆಸಿ ಟ್ಯಾಂಕ್ ತೊಳೆಸಿ.

ಬ್ಯಾಟರಿ ಹಾಕುವಾಗ ಇನ್ನೊಂದು ಎಚ್ಚರ. ಇವತ್ತಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ನಿಮ್ಮ ಕಾರಿನಲ್ಲಿ ಉಲ್ಟಾ, ಪ್ಲಸ್ ತಂತಿ ಮೈಗೆ. ಹೊಸ ಹುಡುಗರು ಅಭ್ಯಾಸಬಲದಲ್ಲಿ ತಿರುಗಾಮುರುಗಾ ಹಾಕಿ ಡೈನಮೊ ಕೆಡಿಸುತ್ತಾರೆ. ಸರಿಯಾಗಿ ಹಾಕಿ ಕೀಲಿ ಆನ್ ಮಾಡಿದರೆ ಬಾನೆಟ್ ಕೆಳಗಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರಬೇಕು. ಅದು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್. ಕಾರ್ಬೊರೇಟರ್ ತುಂಬಿದ ಮೇಲೆ ತಾನಾಗಿ ನಿಲ್ಲುತ್ತದೆ. ನಿಲ್ಲದೆ ಪಟಪಟ ಬಡಿಯುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲಾ ಪೆಟ್ರೋಲ್ ಸೋರುತ್ತಿದೆ. ಕೂಡಲೇ ಆಫ್ ಮಾಡಿ.

ಎಂಜಿನ್ ಓಡಿದ್ದೇ ತಡ, ಗೇಟಿನಾಚೆ ಹೋಗಬೇಡಿ. ಮೊದಲು ಬ್ರೇಕ್. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಎಣ್ಣೆಯ ಲೈನು ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಆ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯ ನೆಲದ ಕೆಳಗಿದೆ. ಕೈ ಹಾಕಲು ಕಷ್ಟ ಅಂತ ಮೆಕ್ಯಾನಿಕ್‌ಗಳು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಮುಂದಿನ ಚಕ್ರದ ಟ್ರನಿಯನ್, ಅಂದರೆ ಚಕ್ರ ಹೊರಳುವ ಕೀಲು, ಅದನ್ನೂ ನೋಡಿಸಿ. ಗ್ರೀಸ್ ಕಾಣದೆ ಸವೆದಿದ್ದರೆ ಓಡುವಾಗಲೇ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಇದಕ್ಕೆ ವಿಲಾಯಿತಿ ತಜ್ಞರು ಬೇಕಿಲ್ಲ. ಅಂಬಾಸಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್‌ನ ಮಗಳೇ ಅಲ್ವಾ? ಅಂಬಾಸಡರ್ ಬಿಚ್ಚಿ ಕೂದಲು ಹಣ್ಣಾದ ಮೇಸ್ತ್ರಿ ಸಿಕ್ಕರೆ ಅವರೇ ಸಾಕು.

ಇನ್ನು ಕನ್ವರ್ಟಿಬಲ್‌ನದೇ ಒಂದು ಕಾಯಿಲೆ. ತಲೆ ಮೇಲೆ ತಗಡು ಇಲ್ಲದ್ದರಿಂದ ಬಾಡಿಯ ಭಾರ ಹೊರುವುದು ಬಾಗಿಲಿನ ಕೆಳಗಿನ ಉದ್ದನೆಯ ತಗಡಿನ ಪಟ್ಟಿ, ಸಿಲ್. ಅದು ಒಳಗಿಂದ ಕೊಳೆಯುತ್ತದೆ, ಹೊರಗೆ ಪೇಂಟು ಚೆನ್ನಾಗೇ ಕಾಣುತ್ತದೆ. ಪರೀಕ್ಷೆ ಸುಲಭ. ಬಾಗಿಲು ಹಾಕಿ, ಸಂದಿನಲ್ಲಿ ಒಂದು ನಾಣ್ಯ ಮೇಲಿನಿಂದ ಕೆಳಕ್ಕೆ ಜಾರಿಸಿ ನೋಡಿ. ಆಮೇಲೆ ಕಾರಿನ ನಡುವೆ ಜಾಕ್ ಕೊಟ್ಟು ಎತ್ತಿ, ಅದೇ ನಾಣ್ಯ ಮತ್ತೆ ಜಾರಿಸಿ. ಈಗ ಸಿಕ್ಕಿಕೊಂಡರೆ, ಇಲ್ಲವೇ ಬಾಗಿಲು ತೆಗೆಯಲು ಬಿಗಿಯಾದರೆ, ಕಾರು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಅಲ್ಲಿಗೆ, ಪೇಂಟಿಗಲ್ಲ.

ಚಿಕ್ಕ ಮಾವನಿಗೆ ಒಂದು ಮಾತು. ಮಾರುತಿ ಎಂಜಿನ್ ಕೂರಿಸಿದ ದಿನವೇ ಅದು ಅಜ್ಜನ ಕಾರಾಗಿ ಉಳಿಯುವುದಿಲ್ಲ. ಸುಮ್ನೆ ಭಾವುಕನಾಗಿ ಹೇಳುತ್ತಿಲ್ಲ, ಇದಕ್ಕೆ ಕಾನೂನೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ಕಾರು ವಿಂಟೇಜ್. ಎಂಜಿನ್ ಬದಲಿಸಿದರೆ ಆ ದಾರಿ ಮುಚ್ಚಿತು. ದೊಡ್ಡ ಮಾವನ ಗುಜರಿಯವನು ಕೊಡುವುದು ಮುಕ್ಕಾಲು ಟನ್ ತಗಡಿನ ರೇಟು, ಅಷ್ಟೇ.

ಈಗ ನಿಮಗೆ ಬೇಸರ ತರುವ ಮಾತು. ಕಾನೂನಿನ ಲೆಕ್ಕದಲ್ಲಿ ಈ ಕಾರು ನಿಮ್ಮದಲ್ಲ. ಬಾಯಿ ಮಾತು ಉಯಿಲಾಗುವುದಿಲ್ಲ. ಉಯಿಲು ಬರೆದು, ಸಹಿ ಹಾಕಿ, ಇಬ್ಬರು ಸಾಕ್ಷಿ ಇರಬೇಕು. ಉಯಿಲಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಜ್ಜಿ, ನಿಮ್ಮಮ್ಮ, ಇಬ್ಬರು ಮಾವಂದಿರು ಸಮಪಾಲುದಾರರು. ಅಮ್ಮ ಇರುವವರೆಗೆ ಮೊಮ್ಮಗಳಿಗೆ ಪಾಲಿಲ್ಲ. ಹಾಗಾಗಿ ಆ ನಾಲ್ವರೂ ತಕರಾರಿಲ್ಲ ಅಂತ ಅಫಿಡವಿಟ್ ಕೊಡಬೇಕು. ಮಾವಂದಿರ ಜೊತೆ ಎಂಜಿನ್ ಬಗ್ಗೆ ಜಗಳ ಆಡುವ ಮೊದಲು ಈ ಸಹಿ ಮಾಡಿಸಿಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ. ಅಜ್ಜಿಯನ್ನು ಮಾತ್ರ ಮೊದಲು ಕೂರಿಸಿ ಕೇಳಿ. ಏನೂ ಹೇಳದವರಿಗೆ ಹೇಳುವುದು ಜಾಸ್ತಿ ಇರುತ್ತದೆ. ಪಾಲುದಾರರಲ್ಲಿ ಅವರೂ ಒಬ್ಬರು.

ಆರ್‌ಟಿಒದಲ್ಲಿ ಬೇಕಾದದ್ದು ಫಾರ್ಮ್ 31, ತೀರಿಕೊಂಡವರ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ. ಮಾರಾಟಕ್ಕೆ ಹಾಕುವ 29, 30 ಅಲ್ಲ. ಏಜೆಂಟರು ಸತ್ತವರ ಹೆಸರಲ್ಲಿ ಸಹಿ ಹಾಕಿ ಅದನ್ನೇ ತಳ್ಳಲು ನೋಡುತ್ತಾರೆ, ಒಪ್ಪಬೇಡಿ. ಮಾಲೀಕರು ತೀರಿಕೊಂಡದ್ದನ್ನು 30 ದಿನದೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮ್ಮದು ದಾಟಿದೆ. ದಂಡ ಕಟ್ಟಿ ಮುಂದುವರಿಯಬಹುದು, ಆದರೆ ಅಲ್ಲಿಯವರೆಗೆ ರಸ್ತೆಗೆ ಇಳಿಸಬೇಡಿ. ಬಿಎಂ ಅಕ್ಷರದ ಹಳೆಯ ನಂಬರಾಗಿದ್ದರೆ ಕಂಪ್ಯೂಟರಿನಲ್ಲಿ ಸಿಗದೇ ಇರಬಹುದು. ಆಗ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು, ಅದಕ್ಕೆ ಹಳೆಯ ಆರ್‌ಸಿ ಪುಸ್ತಕವೇ ಜೀವ. ಅಜ್ಜನ ಕಪಾಟು, ಹೋಟೆಲಿನ ಗಲ್ಲಾಪೆಟ್ಟಿಗೆ ಎಲ್ಲ ತಡಕಿ. ಪುಸ್ತಕ ಸಿಕ್ಕ ಮೇಲೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಪುಸ್ತಕದ ನಂಬರಿನ ಜೊತೆ ಒಂದೊಂದೇ ಅಂಕಿ ಹೋಲಿಸಿ. ಎಂಜಿನ್ ನಂಬರಿಗೂ ಹಾಗೇ.

ವಿಂಟೇಜ್ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ, ಈಗಾಗಲೇ ನೋಂದಾಯಿತ ಕಾರಾದರೆ ಹಳೆಯ ನಂಬರೇ ಉಳಿಯುತ್ತದೆ. ಥರ್ಡ್ ಪಾರ್ಟಿ ವಿಮೆಯಲ್ಲೂ ಅರ್ಧ ರಿಯಾಯಿತಿ. ಆದರೆ ಆಗ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಬೆಳಗ್ಗೆ ಅಜ್ಜಿಯನ್ನು ಕೂರಿಸಿಕೊಂಡು ಮರೀನ್ ಡ್ರೈವ್ ಸುತ್ತುವ ಆಸೆಯಿದ್ದರೆ ಸಾಮಾನ್ಯ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿ. ನಾನಾದರೆ ಎರಡನೆಯದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ಪುಣೆ ಕೊಥ್ರೂಡ್‌ನಿಂದ. ತಾತನಿಂದ ಬಂದ ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್ ಚೆನ್ನಾಗಿಯೇ ಓಡುತ್ತದೆ. ಈಗ ಎಲ್ಲ ಬಂಕಿನಲ್ಲೂ ಇ20 ಪೆಟ್ರೋಲ್. ಇದರಿಂದ ತೊಂದರೆಯೇ?

ಉತ್ತರ: ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ಆದರೆ ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಒಳಗಿನ ತೆಳು ಪೊರೆ (ಡಯಾಫ್ರಮ್) ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೈಪು ಸೋರಿದರೆ ಬೆಂಕಿಯೇ, ಇದರಲ್ಲಿ ಜಿಪುಣತನ ಬೇಡ. ಎಥನಾಲ್ ಗಾಳಿಯ ನೀರನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಸ್ವಲ್ಪ ದಿನ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಬೆಳ್ಳಗಾಗಿದ್ದರೆ ಪೆಟ್ರೋಲ್ ಕಮ್ಮಿ ಬೀಳುತ್ತಿದೆ, ಕಾರ್ಬೊರೇಟರ್ ಟ್ಯೂನ್ ಮಾಡಿಸಿ. ಮತ್ತೆ, ಟಾಪ್ ಒದ್ದೆ ಇರುವಾಗ ಎಂದೂ ಮಡಚಬೇಡಿ. ನೀವು ಕೇಳಿಲ್ಲ, ಆದರೂ ಹೇಳಿದೆ.

ಪ್ರಶ್ನೆ: ಮಡಗಾಂವ್‌ನಿಂದ. ಧಾರವಾಡದ ಮನೆಯಲ್ಲಿ ಅಜ್ಜನ ಕ್ಯಾನ್ವಾಸ್ ಟಾಪಿನ ಜೀಪ್ ಇದೆ. ಗೋವಾಕ್ಕೆ ತಂದು ಇಲ್ಲೇ ಇಟ್ಟುಕೊಳ್ಳಬಹುದೇ?

ಉತ್ತರ: ತರಬಹುದು. ಮೊದಲು ಧಾರವಾಡದಲ್ಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಆಮೇಲೆ ಅಲ್ಲಿಂದಲೇ ಫಾರ್ಮ್ 28ರಲ್ಲಿ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಪಡೆಯಿರಿ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನೋಂದಣಿ ಕಡ್ಡಾಯ, ತೆರಿಗೆಯೂ ಅಲ್ಲಿಗೇ. ತರುವಾಗ ಘಾಟಿಯಲ್ಲಿ ಓಡಿಸಿಕೊಂಡು ಬರುವ ಉಮೇದು ಬೇಡ, ಬ್ರೇಕಿನ ಹಣೆಬರಹ ಗೊತ್ತಿಲ್ಲ. ಫ್ಲ್ಯಾಟ್‌ಬೆಡ್ ಲಾರಿ ಮಾಡಿ. ಹಗ್ಗ ಕಟ್ಟುವಾಗ ಬಂಪರಿಗೆ ಬಿಗಿಯದೆ ಚಾಸಿಗೇ ಬಿಗಿಯಲು ಹೇಳಿ, ಕ್ಯಾನ್ವಾಸ್ ಬಿಚ್ಚಿ ಮನೆಯವರ ಕಾರಿನಲ್ಲಿ ಹಾಕಿಕೊಂಡು ಬನ್ನಿ. ಲಾರಿಯ ಮೇಲೆ ಗಾಳಿಗೆ ಅದು ಹರಿದೇ ಹೋಗುತ್ತದೆ.